ಒಂದು ವಾರದ ಟಿಪ್ಪಣಿ ಪುಸ್ತಕ: ನೆನಪು, ಪ್ರೇರಣೆ, ಆಚಾರ, ಅಭ್ಯಾಸಗಳನ್ನು ಬರೆದಿಡುವ ಬಗೆ

ಭಾನುವಾರ ಕೂತು ಏಳೂ ದಿನದ್ದನ್ನು ಒಟ್ಟಿಗೆ ಬರೆಯುತ್ತೇನೆ ಎಂದುಕೊಂಡವರ ಪುಸ್ತಕ ಸಾಮಾನ್ಯವಾಗಿ ಎರಡನೇ ವಾರಕ್ಕೇ ನಿಂತುಹೋಗುತ್ತದೆ. ಅಷ್ಟು ಹೊತ್ತಿಗೆ ಸೋಮವಾರದ್ದು ಅಂತ ಉಳಿದಿರುವುದು ಆಫೀಸು, ಟ್ರಾಫಿಕ್ಕು, ಮಳೆ, ಇಷ್ಟೇ. ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ ತನ್ನ ಮರೆವನ್ನು ತಾನೇ ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಬಹುಪಾಲು ಸೋರಿಹೋಗುತ್ತದೆ, ಆಮೇಲೆ ಸೋರುವುದು ನಿಧಾನವಾಗುತ್ತದೆ ಎಂಬುದು ಅವನು ಕಂಡದ್ದು. ಹಾಗಾಗಿ ಬರೆಯುವುದು ಅಂದಂದಿನ ಕೆಲಸ, ಓದಿ ಯೋಚಿಸುವುದು ಭಾನುವಾರದ ಕೆಲಸ. ಎರಡನ್ನೂ ಬೆರೆಸಬೇಡಿ.

ಪುಸ್ತಕದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎ5 ಅಳತೆಯದು, ಅಂದರೆ 148×210 ಮಿಲಿಮೀಟರಿನದು, ಚೀಲದಲ್ಲೂ ಹಿಡಿಯುತ್ತದೆ, ಬಸ್ಸಿನಲ್ಲಿ ತೊಡೆಯ ಮೇಲೂ ನಿಲ್ಲುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ಬೇಕಾದಷ್ಟು ಬಗೆ ಸಿಗುತ್ತವೆ. ಕಾಗದ ಎಷ್ಟು ಜಿಎಸ್ಎಂ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ತೂಗುತ್ತದೆ ಎಂದು ಕೇಳಿಯೇ ಕೊಳ್ಳಿ. ಇಂಕ್ ಪೆನ್ನಿನವರಿಗೆ 80 ಇರಲಿ. 60ಕ್ಕಿಂತ ತೆಳುವಾದದ್ದರಲ್ಲಿ ಶಾಯಿ ಹಿಂಬದಿಗೆ ಇಳಿದು ಅರ್ಧ ಪುಸ್ತಕ ವ್ಯರ್ಥವಾಗುತ್ತದೆ. ಬಾಲ್‌ಪೆನ್ನಿಗೆ ಯಾವ ಕಾಗದವೂ ಆದೀತು. ದಿನಕ್ಕೆ ಎರಡು ಪುಟ, ವಾರಕ್ಕೆ ಹದಿನಾಲ್ಕು, ಭಾನುವಾರದ ಓದಿಗೆ ಇನ್ನೆರಡು. ಹೊಸಬರು ಗೌರಿ-ಗಣೇಶದ ವಾರದಲ್ಲೋ ಮನೆಯಲ್ಲಿ ಮದುವೆಯಿರುವ ವಾರದಲ್ಲೋ ಶುರುಮಾಡಬಾರದು. ಬರೆಯಲು ಪುರುಸೊತ್ತೂ ಇರುವುದಿಲ್ಲ, ದಿನನಿತ್ಯದ್ದು ಯಾವುದು, ಅಪರೂಪದ್ದು ಯಾವುದು ಎಂಬುದೂ ಕಾಣುವುದಿಲ್ಲ.

ಪುಟವನ್ನು ನಾಲ್ಕು ಭಾಗ ಮಾಡಿ ನೆನಪು, ಪ್ರೇರಣೆ, ಆಚಾರ, ಅಭ್ಯಾಸ ಎಂದು ಬರೆದುಕೊಳ್ಳಿ. ನಾಲ್ಕೂ ತುಂಬಲೇಬೇಕೆಂಬ ಹಟ ಬೇಡ. ಖಾಲಿ ಉಳಿದ ಜಾಗಕ್ಕೂ ಭಾನುವಾರ ಬೆಲೆ ಬರುತ್ತದೆ.

ಈ ನಾಲ್ಕರಲ್ಲಿ ಕಷ್ಟದ್ದು ನೆನಪು. ಬಹಳ ಜನ ಬರೆಯುವುದು ಹೀಗೆ: ‘ಇವತ್ತು ಗಾಂಧಿ ಬಜಾರಿಗೆ ಹೋಗಿದ್ದೆ. ಹಳೆಯದೆಲ್ಲ ನೆನಪಾಗಿ ಮನಸ್ಸು ತುಂಬಿ ಬಂತು.’ ಆರು ತಿಂಗಳು ಬಿಟ್ಟು ಇದನ್ನು ಓದಿದರೆ ಕೈಗೆ ಏನೂ ಸಿಗುವುದಿಲ್ಲ. ಅದನ್ನೇ ಹೀಗೆ ಬರೆದು ನೋಡಿ: ‘ಗಾಂಧಿ ಬಜಾರ್, ಸಂಜೆ ಆರು. ಸೇವಂತಿಗೆ ಎರಡು ಮೊಳ. ಹೂವಿನಾಕೆ ಮೊಣಕೈಯಿಂದ ನಡುಬೆರಳ ತುದಿವರೆಗೆ ಅಳೆದು, ದಾರ ಕತ್ತರಿಸುವ ಮುಂಚೆ ನಾಲ್ಕು ಬೆರಳು ಜಾಸ್ತಿ ಬಿಟ್ಟಳು. ಅಜ್ಜಿ ಯಾವಾಗಲೂ ಉದ್ದ ಕೈಯವಳ ಹತ್ತಿರವೇ ಹೂ ಕೊಳ್ಳುತ್ತಿದ್ದಳು.’ ಎಷ್ಟು ಹೊತ್ತು, ಯಾವ ಹೂ, ಯಾರ ಕೈ, ಎಲ್ಲವೂ ಇದರಲ್ಲಿ ಇದೆ. ಮನಸ್ಸು ತುಂಬಿತೆಂದು ಬೇರೆ ಹೇಳಬೇಕಾಗಿಲ್ಲ, ಓದಿದಾಗ ಅದೇ ತುಂಬುತ್ತದೆ.

ನೆನಪು ಬರೆದ ಮೇಲೆ ಪಕ್ಕದಲ್ಲಿ ಒಂದು ಗುರುತು ಹಾಕಿ. ಕಣ್ಣಾರೆ ಕಂಡದ್ದಕ್ಕೆ ‘ಕ’, ಮನೆಯವರಿಂದ ಕೇಳಿದ್ದಕ್ಕೆ ‘ಕೇ’, ಫೋಟೋ ನೋಡಿ ನೆನಪಾದದ್ದಕ್ಕೆ ‘ಫೋ’. ಬಾಲ್ಯದ ಎಷ್ಟೋ ನೆನಪುಗಳು ಆಲ್ಬಮ್ಮಿನಿಂದ ಬಂದವು. ಗುರುತು ಹಾಕದಿದ್ದರೆ ಅವೂ ಕಂಡದ್ದೇ ಎಂದು ನಾವೇ ನಂಬಿಬಿಡುತ್ತೇವೆ.

ವರ್ಷ ಗೊತ್ತಾಗದಿದ್ದರೆ ಊರಿನ ಘಟನೆಗಳನ್ನು ಮೈಲಿಗಲ್ಲು ಮಾಡಿಕೊಳ್ಳಿ. ಬೆಂಗಳೂರಿನವರಿಗೆ ಇವು ಹೇರಳ. ಡಾ. ರಾಜ್‌ಕುಮಾರ್ ತೀರಿಕೊಂಡದ್ದು 2006ರ ಏಪ್ರಿಲ್ 12. ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದದ್ದು 2008ರ ಮೇ. ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೊದಲ ಮೆಟ್ರೊ ಓಡಿದ್ದು 2011ರ ಅಕ್ಟೋಬರ್ 20. ಊರಿನ ಹೆಸರು ಅಧಿಕೃತವಾಗಿ ಬೆಂಗಳೂರು ಆದದ್ದು 2014ರ ನವೆಂಬರ್ 1. ಅತ್ತೆಯನ್ನು ವಿಮಾನ ಹತ್ತಿಸಲು ಎಚ್ಎಎಲ್‌ನ ಹಳೆಯ ನಿಲ್ದಾಣಕ್ಕೆ ಹೋಗಿದ್ದೆವೋ ದೇವನಹಳ್ಳಿಗೋ ಎಂದು ಕೇಳಿಕೊಂಡರೆ ಆ ಪ್ರಯಾಣ ಮೇ 2008ಕ್ಕೆ ಮುಂಚಿನದೋ ಆಮೇಲಿನದೋ ಎಂಬುದು ಸಾಮಾನ್ಯವಾಗಿ ತೀರ್ಮಾನವಾಗುತ್ತದೆ. ಇಷ್ಟಾದರೂ ಬಗೆಹರಿಯದಿದ್ದರೆ ಅಂದಾಜು ವರ್ಷ ಬರೆದು ಪ್ರಶ್ನೆಚಿಹ್ನೆ ಹಾಕಿ. ಸುಳ್ಳು ಖಚಿತತೆಗಿಂತ ಅದು ಮೇಲು.

ಪ್ರೇರಣೆಯ ಭಾಗಕ್ಕೆ ಒಂದೇ ಕಟ್ಟುನಿಟ್ಟು: ವಾಟ್ಸಾಪ್ ಫಾರ್ವರ್ಡಿಗೆ ಪ್ರವೇಶವಿಲ್ಲ. ಯಾರು ಹೇಳಿದರು, ಎಲ್ಲಿ, ಅವರದೇ ಮಾತಿನಲ್ಲಿ ಏನೆಂದರು, ಇಷ್ಟೂ ಇದ್ದರೆ ಮಾತ್ರ ಬರೆಯಿರಿ. ಅದರ ಕೆಳಗೆ ಎರಡು ದಿನದೊಳಗೆ ಮಾಡಬಹುದಾದ ಒಂದು ಸಣ್ಣ ಕೆಲಸ ಇರಲಿ. ರವೀಂದ್ರ ಕಲಾಕ್ಷೇತ್ರದಲ್ಲೋ ರಂಗಶಂಕರದಲ್ಲೋ ನಾಟಕ ನೋಡಿ ಬಂದ ರಾತ್ರಿ ‘ಅದ್ಭುತ’ ಎಂದು ಬರೆದು ಮಲಗಬೇಡಿ. ಕಿವಿಯಲ್ಲಿ ಉಳಿದ ಒಂದು ಸಂಭಾಷಣೆ, ನಟ ಕೈಯನ್ನು ಎಲ್ಲಿ ಇಟ್ಟಿದ್ದ, ಬೆಳಕು ಯಾವಾಗ ಆರಿತು, ಈ ಮೂರು ಸಾಕು.

ಆಚಾರದ ಭಾಗ ಮನೆಯ ಹಿರಿಯರು ಇರುವಾಗಲೇ ತುಂಬಬೇಕಾದದ್ದು, ಇದನ್ನು ಮುಂದೂಡಲೇಬೇಡಿ. ‘ಯಾಕೆ ಹೀಗೆ ಮಾಡ್ತೀರಿ?’ ಎಂದು ಕೇಳಿದರೆ ಬರುವ ಉತ್ತರ ‘ಮೊದಲಿನಿಂದ ಹಾಗೇ’. ಅದರ ಬದಲು ಯಾರು ಮಾಡುತ್ತಿದ್ದರು, ಯಾವ ಪಾತ್ರೆಯಲ್ಲಿ, ಎಷ್ಟು, ತಪ್ಪಿದರೆ ಏನಾಗುತ್ತಿತ್ತು ಎಂದು ಕೇಳಿ. ಸಂಕ್ರಾಂತಿಯ ಎಳ್ಳುಬೆಲ್ಲವನ್ನೇ ತೆಗೆದುಕೊಳ್ಳಿ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ ಎಂದು ಪಟ್ಟಿ ಮಾಡಿದರೆ ಅದು ಎಲ್ಲರ ಮನೆಯದೂ ಆಯಿತು. ಕೊಬ್ಬರಿಯ ಕಂದು ಸಿಪ್ಪೆ ಹೆರೆಯುವುದು ಯಾರ ಪಾಲಿನ ಕೆಲಸ, ಬೆಲ್ಲದ ಚೂರನ್ನು ಎಷ್ಟು ದಿನ ಬಿಸಿಲಿಗಿಡುತ್ತಿದ್ದರು ಎಂಬುದನ್ನು ಬರೆದರೆ ನಿಮ್ಮ ಮನೆಯದಾಗುತ್ತದೆ. ಬೆಲ್ಲ ಸರಿಯಾಗಿ ಒಣಗದಿದ್ದರೆ ಎಲ್ಲವೂ ಅಂಟಿ ಮುದ್ದೆಯಾಗುತ್ತದೆ; ಆ ಕಾರಣವನ್ನೂ ಸೇರಿಸಿ, ಏಕೆಂದರೆ ಮುಂದೆ ಮಾಡುವವರಿಗೆ ಬೇಕಾಗುವುದು ಅದೇ.

ಅಮ್ಮ ‘ಒಂದು ಹಿಡಿ’ ಎಂದರೆ ಬರೆದು ಸುಮ್ಮನಾಗಬೇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬಟ್ಟಲಿಟ್ಟು ಸೊನ್ನೆ ಮಾಡಿ, ಅವರ ಕೈಯಿಂದಲೇ ಮೂರು ಸಲ ಹಾಕಿಸಿ, ಸರಾಸರಿ ಗ್ರಾಂ ಬರೆಯಿರಿ. ನಿಮ್ಮ ಹಿಡಿ ಅವರ ಹಿಡಿಯಷ್ಟು ಇರುವುದಿಲ್ಲ. ಹುಳಿಪುಡಿಯ ರುಚಿ ಮನೆ ಬದಲಾದಂತೆ ಬದಲಾಗಲು ಇದೂ ಒಂದು ಕಾರಣ.

ಮಾತು ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಫ್ಯಾನ್ ಆರಿಸಿ, ಫೋನನ್ನು ಅವರಿಂದ ಒಂದು ಗೇಣು ದೂರದಲ್ಲಿಡಿ, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ. ಕನ್ನಡದಲ್ಲಿ ಧ್ವನಿಯಿಂದ ಟೈಪ್ ಮಾಡಿಸುವ ಸೌಲಭ್ಯ ಫೋನಿನಲ್ಲಿದೆ, ಆದರೆ ಊರ ಹೆಸರುಗಳನ್ನೂ ಮನೆಮಾತಿನ ಪದಗಳನ್ನೂ ಅದು ಕೆಡಿಸುತ್ತದೆ. ಅದೇ ರಾತ್ರಿ ತಿದ್ದಿ. ಗ್ರಾಂಥಿಕ ಮಾಡಲು ಮಾತ್ರ ಹೋಗಬೇಡಿ. ‘ಮಾಡ್ತಿದ್ವಿ’ ಎಂದರೆ ‘ಮಾಡ್ತಿದ್ವಿ’ ಎಂದೇ ಇರಲಿ.

ಅಭ್ಯಾಸಕ್ಕೆ ಒಂದನ್ನೇ ಆರಿಸಿ. ಎದ್ದ ತಕ್ಷಣ ಫೋನ್ ಹಿಡಿಯುವುದು ಎಂದಿಟ್ಟುಕೊಳ್ಳೋಣ. ಹಿಡಿದಾಗಲೆಲ್ಲ ಹೊತ್ತು, ಜಾಗ, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು ಎಂದು ಮೂರು ಮಾತು ಬರೆಯಿರಿ. ‘6.10, ಹಾಸಿಗೆ, ಅಲಾರಂ ಆಫ್ ಮಾಡಲು ಕೈಗೆತ್ತಿಕೊಂಡದ್ದು.’ ಹೀಗೆ ನಾಲ್ಕು ದಿನ ಕಂಡರೆ ತೊಂದರೆಯ ಬೇರು ಅಲಾರಮ್ಮಿನಲ್ಲಿದೆ ಎಂದಾಯಿತು, ಬೇರೆ ಗಡಿಯಾರ ತಂದರೆ ಮುಗಿಯಿತು. ಈ ವಾರ ಬದಲಿಸುವ ಗೋಜು ಬೇಡ, ನೋಡುವುದಷ್ಟೇ. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕೂರುತ್ತದೆ ಎಂಬ ಮಾತನ್ನೂ ನೆಚ್ಚಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಮುದ್ರಿಸಿದ ಅಧ್ಯಯನದಲ್ಲಿ ಅದು ಜನರಿಂದ ಜನರಿಗೆ 18ರಿಂದ 254 ದಿನದವರೆಗೂ ಹರಡಿತ್ತು.

ಭಾನುವಾರ ಮುಕ್ಕಾಲು ಗಂಟೆ ಎತ್ತಿಡಿ. ಬೇರೆ ಬಣ್ಣದ ಪೆನ್ನು ಹಿಡಿದು ಸೋಮವಾರದಿಂದ ಓದುತ್ತಾ ಬನ್ನಿ. ಹಳೆಯ ಸಾಲನ್ನು ಹೊಡೆದುಹಾಕಬೇಡಿ, ತೋಚಿದ್ದನ್ನು ಅಂಚಿನಲ್ಲಿ ಬರೆಯಿರಿ. ಮರಳಿ ಮರಳಿ ಬರುವ ಹೆಸರು, ಜಾಗ, ಹೊತ್ತಿಗೆ ಸುತ್ತು ಹಾಕಿ. ಒಂದು ಭಾಗ ಐದಾರು ದಿನ ಖಾಲಿ ಇದ್ದರೆ ಅದನ್ನೂ ಗುರುತಿಸಿ; ಪ್ರೇರಣೆಯೇ ಖಾಲಿ ಇದ್ದರೆ ವಾರವಿಡೀ ಹೊಸಬರೊಬ್ಬರ ಜೊತೆಯೂ ಮಾತಾಡಿಲ್ಲವೇ ಎಂದು ನೋಡಿಕೊಳ್ಳಿ. ಆಮೇಲೆ ಅರ್ಧ ಪುಟದಲ್ಲಿ ವಾರವನ್ನು ಬರೆದು, ಕೆಳಗೆ ಮುಂದಿನ ವಾರ ಯಾರನ್ನಾದರೂ ಕೇಳಬೇಕಾದ ಒಂದು ಪ್ರಶ್ನೆ ಹಾಕಿ.

ಮನೆಯವರ ಕಾಯಿಲೆ, ಸಾಲ, ಜಗಳದ ವಿಷಯಕ್ಕೆ ಹೆಸರಿನ ಬದಲು ಒಂದಕ್ಷರ ಸಾಕು, ಪುಸ್ತಕ ಯಾರ ಕೈಗಾದರೂ ಸಿಕ್ಕೀತು. ಮುಗಿದ ಪುಸ್ತಕದ ಪುಟಗಳನ್ನು ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಎರಡು ಕಡೆ ಉಳಿಸಿ. ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಟ್ಟರೆ ಬೂಷ್ಟು ಬರುತ್ತದೆ. ಬೀರುವಿನ ಮೇಲಿನ ಅರೆಯಲ್ಲಿ ನಿಲ್ಲಿಸಿಟ್ಟು, ಬೆನ್ನ ಮೇಲೆ ವಾರದ ಮೊದಲ ದಿನದ ತಾರೀಖು ಬರೆಯಿರಿ.