ಹೈನ್ಸ್ ಎಮರಾಲ್ಡ್‌ಗಾಗಿ ಗಿಡ ಕಡಿಯುವ ಕೆಲಸ

ಶಿಕಾಗೋ ಹತ್ತಿರದ ಡೆಸ್ ಪ್ಲೇನ್ಸ್ ನದಿ ಕಣಿವೆಯಲ್ಲಿ ಹೈನ್ಸ್ ಎಮರಾಲ್ಡ್ ಅನ್ನುವ ಡ್ರ್ಯಾಗನ್‌ಫ್ಲೈ ಇದೆ. ನಾವು ಏರೋಪ್ಲೇನ್ ಚಿಟ್ಟೆ ಅಂತೀವಲ್ಲ, ಅದೇ ಬಳಗ. ಹಸಿರು ಕಣ್ಣು, ಎದೆಯ ಪಕ್ಕದಲ್ಲಿ ಎರಡು ಹಳದಿ ಪಟ್ಟೆ. ಪೂರ್ತಿ ಅಳಿದೇಹೋಯಿತು ಅಂದುಕೊಂಡಿದ್ದ ಇದು 1988ರಲ್ಲಿ ಮತ್ತೆ ಪತ್ತೆಯಾಯಿತು. 1995ರಿಂದ ಅಮೆರಿಕದ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ. ಇದರ ಜೌಗು ಉಳಿಸುವ ಕೆಲಸಕ್ಕೆ ನಾನು ಸ್ವಯಂಸೇವಕನಾಗಿ ಹೋಗುತ್ತೇನೆ. ಚಿಟ್ಟೆ ನೋಡುವುದು ಕಮ್ಮಿ, ಗಿಡ ಕಡಿಯುವುದೇ ಜಾಸ್ತಿ.

ಇಲ್ಲಿ ಸ್ವಲ್ಪ ಅಗೆದರೆ ಡಾಲಮೈಟ್ ಬಂಡೆ. ಸುಣ್ಣದಂಶದ ಅಂತರ್ಜಲ ಒಸರಿ, ಜೊಂಡಿನ ನಡುವೆ ತೆಳ್ಳಗೆ ಹರಿಯುತ್ತದೆ. ಮರಿಗಳು ನಾಲ್ಕೈದು ವರ್ಷ ಈ ನೀರಲ್ಲೇ ಬೆಳೆಯುತ್ತವೆ. ರೆಕ್ಕೆ ಬಂದ ಮೇಲೆ ಕೆಲವೇ ವಾರಗಳ ಆಯಸ್ಸು. ಬೇಸಿಗೆಯಲ್ಲಿ ನೀರು ಬತ್ತಿದಾಗ, ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಮರಿಗಳು ಸೇರಿಕೊಳ್ಳುವುದು ಸಿಗಡಿಯಂಥ ಕ್ರೇಫಿಶ್ ತೋಡಿದ ಬಿಲಕ್ಕೆ. ನಮ್ಮ ಗದ್ದೆ ಬದುವಿನ ಏಡಿ ಬಿಲದ ಹಾಗೇ ಇರುತ್ತದೆ, ಬಾಯಿಗೆ ಮಣ್ಣಿನ ಗುಡ್ಡೆ. ತಮಾಷೆ ಅಂದರೆ, ಕ್ರೇಫಿಶ್ ಈ ಮರಿಗಳನ್ನು ತಿನ್ನುತ್ತದೆ ಕೂಡ! ಆದರೂ ಅದರ ಮನೆ ಬಿಟ್ಟರೆ ಇವಕ್ಕೆ ಗತಿಯಿಲ್ಲ.

ನಮ್ಮ ತಲೆನೋವು ಬಕ್‌ಥಾರ್ನ್. ಯುರೋಪಿನಿಂದ ಬೇಲಿಗೆಂದು ತಂದ ಗಿಡ. ದಟ್ಟವಾಗಿ ಬೆಳೆದು, ಬಿಸಿಲು ಮುಚ್ಚಿ ಜೊಂಡನ್ನು ಸಾಯಿಸುತ್ತದೆ. ಶರತ್ಕಾಲದ ಕೊನೆಗೆ ಉಳಿದ ಗಿಡಗಳೆಲ್ಲ ಬೋಳಾಗಿರುವಾಗಲೂ ಇದರ ಎಲೆ ಹಸಿರಾಗಿರುತ್ತದೆ. ಆಗಲೇ ಗುರುತು ಹಾಕಿಡುತ್ತೇವೆ.

ಕಡಿಯುವುದು ಜನವರಿ, ಫೆಬ್ರವರಿಯಲ್ಲಿ. ನೆಲ ಹೆಪ್ಪುಗಟ್ಟಿರುವುದರಿಂದ ಕಾಲಿಟ್ಟರೂ ಬಿಲ ಕುಸಿಯುವುದಿಲ್ಲ. ನೀರು ಒಸರುವ ಕಡೆ ಮಾತ್ರ ಮೆತ್ತಗೇ ಇರುತ್ತದೆ, ಸುತ್ತುಹಾಕಿ ಹೋಗಬೇಕು. ನಾನು ಕೈಗರಗಸದಿಂದ ಬುಡಕ್ಕೇ ಕತ್ತರಿಸುತ್ತೇನೆ. ಲೈಸೆನ್ಸ್ ಇರುವವರು ಬೆನ್ನಿಗೇ ಬಂದು ಬೊಡ್ಡೆಗೆ ಕಳೆನಾಶಕ ಸವರುತ್ತಾರೆ. ಸಿಂಪಡಿಸುವುದಿಲ್ಲ, ಕೆಳಗೆ ನೀರಿದೆ ಅಲ್ವಾ. ಸುಮ್ನೆ ಕಡಿದು ಬಿಟ್ಟರೆ ಒಂದಕ್ಕೆ ಹತ್ತು ಚಿಗುರುತ್ತದೆ. ಆಮೇಲೆ ಕೊಂಬೆಗಳನ್ನು ಒಣ ದಿಬ್ಬಕ್ಕೆ ಎಳೆದು ಸುಡುವುದು. ಸೊಂಟ ಹೋಗುವುದು ಈ ಎಳೆದಾಟದಲ್ಲೇ.

ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಚಿಟ್ಟೆ ಹಾರುವ ಕಾಲ. ಬಲೆ ಹಾಕಲು ಪರ್ಮಿಟ್ ಬೇಕು, ನನ್ನ ಹತ್ತಿರ ಇಲ್ಲ. ಹಾರುವಾಗ ಇದನ್ನು ಹತ್ತಿರದ ಜಾತಿಗಳಿಂದ ಬೇರೆ ಮಾಡುವುದು ಕಷ್ಟ. ಗಂಡಿನ ಬಾಲದ ತುದಿಯ ಕೊಂಡಿ ಸ್ಪಷ್ಟವಾಗಿ ಕಾಣುವ ಫೋಟೋ ಸಿಕ್ಕಿದರೆ ಮಾತ್ರ ಬರೆದುಕೊಳ್ಳುತ್ತೇನೆ.

ಆದರೆ ಗರಗಸದಿಂದ ಆಗದ ಕೆಲಸವೂ ಇದೆ. ಸುತ್ತಲಿನ ಎತ್ತರದ ಜಾಗದಲ್ಲಿ ಮನೆ, ಪಾರ್ಕಿಂಗ್ ಲಾಟ್ ಬಂದಷ್ಟೂ ಮಳೆನೀರು ಇಂಗುವುದು ಕಮ್ಮಿ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪೂ ಅಂತರ್ಜಲಕ್ಕೇ ಸೇರುತ್ತದೆ. ನಮ್ಮ ಮನೆಯೂ ಅಂಥ ಬಡಾವಣೆಯಲ್ಲೇ ಇದೆ. ಸೂರಿನ ನೀರನ್ನು ಹಿತ್ತಲಿಗೆ ತಿರುಗಿಸಿದ್ದೇನೆ. ಹಿಮ ಬಿದ್ದಾಗ ಡ್ರೈವ್‌ವೇಗೆ ಉಪ್ಪಿನ ಬದಲು ಸಲಿಕೆ.