ಮಾಟುಂಗದ ಕೆಸುವಿನೆಲೆಯಲ್ಲಿ ಸಮೋವಾದ ಪಲುಸಾಮಿ

ಮಳೆಗಾಲದಲ್ಲಿ ಮಾಟುಂಗ ಮಾರ್ಕೆಟ್‌ಗೆ ಹೋದರೆ ಕೆಸುವಿನೆಲೆಯ ಕಟ್ಟು ಕಣ್ಣಿಗೆ ಬಿದ್ದೇ ಬೀಳುತ್ತದೆ. ಮುಂಬೈಯಲ್ಲಿರುವ ನಮ್ಮ ಕರಾವಳಿಯವರು ಪತ್ರೊಡೆಗೆ ಒಯ್ಯುತ್ತೇವೆ, ಅಲ್ವಾ? ಈ ಸಲ ಒಂದು ಕಟ್ಟು ಜಾಸ್ತಿ ತನ್ನಿ. ಪೆಸಿಫಿಕ್ ಸಾಗರದ ಸಮೋವಾದಲ್ಲಿ ಇದೇ ಎಲೆ, ಇದೇ ತೆಂಗಿನಕಾಯಿ ಸೇರಿಸಿ ಪಲುಸಾಮಿ ಮಾಡುತ್ತಾರೆ. ನನಗೆ ಬಲು ಇಷ್ಟದ ಅಡುಗೆ ಅದು.

ಮರಾಠಿಯಲ್ಲಿ 'ವಡೀಚಂ ಅಳು' ಅಂತ ಕೇಳಿದರೆ ದಂಟು ಕಪ್ಪಗಿರುವ ಎಲೆ ಕೊಡುತ್ತಾರೆ. ಅದರಲ್ಲಿ ಎಳೆಯವನ್ನೇ ಆರಿಸಿ. ಬಲಿತದ್ದು ಪತ್ರೊಡೆಗೆ ಇರಲಿ. ಕೈಗೆ ಎಣ್ಣೆ ಸವರಿಕೊಂಡು ದಂಟು, ದಪ್ಪ ನರ ತೆಗೆಯಿರಿ.

ನಾಲ್ಕು ಜನಕ್ಕೆ ಎರಡು ತೆಂಗಿನಕಾಯಿ ಬೇಕು. ತುರಿಗೆ ಸ್ವಲ್ಪವೇ ಬಿಸಿನೀರು ಚಿಮುಕಿಸಿ ಬಟ್ಟೆಯಲ್ಲಿ ಹಿಂಡಿ. ಮೊದಲ ಗಟ್ಟಿ ಹಾಲು ಮಾತ್ರ ಸಾಕು. ಅದಕ್ಕೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಉಪ್ಪು. ಮೆಣಸು, ಮಸಾಲೆ ಹಾಕಬೇಡಿ. ಕಾಯಿಹಾಲಿನ ರುಚಿಯೇ ಇಲ್ಲಿ ಮುಖ್ಯ.

ಈಗ ಕೈಚಳಕದ ಕೆಲಸ. ಮೂರು ನಾಲ್ಕು ಎಲೆ ಒಂದರ ಮೇಲೊಂದು ಇಟ್ಟು, ಎಡಗೈ ಬೊಗಸೆಯಂತೆ ಮಾಡಿ ಅದರಲ್ಲಿ ಕೂರಿಸಿ. ನಡುವೆ ಗುಳಿ ಬೀಳುತ್ತದೆ. ಅಲ್ಲಿಗೆ ಒಂದು ಸೌಟು ಹಾಲು ಹೊಯ್ದು, ಅಂಚುಗಳನ್ನೆಲ್ಲ ಮೇಲಕ್ಕೆ ಕೂಡಿಸಿ ಹಿಡಿಯಿರಿ. ಬೆಂಕಿಯಲ್ಲಿ ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿ ದಾರ ಕಟ್ಟಿ. ಹಾಲು ಸೋರಿದರೆ ಇನ್ನೊಂದು ಎಲೆ ಸುತ್ತಿ, ಸುಮ್ನೆ ಬಿಡಬೇಡಿ.

ಸಮೋವಾದಲ್ಲಿ ಇದು ಉಮು ಒಲೆಯಲ್ಲಿ ಬೇಯುತ್ತದೆ. ಭಾನುವಾರ ಬೆಳಗ್ಗೆ ಬೇಗನೆ ಮನೆಯ ಹುಡುಗರು ಎದ್ದು ಕಲ್ಲು ಕಾಯಿಸುತ್ತಾರೆ. ಅದರ ಮೇಲೆ ಕೆಸುವಿನ ಗೆಡ್ಡೆ, ಜೀಗುಜ್ಜೆ, ಪಲುಸಾಮಿ ಇಟ್ಟು ಎಲೆಗಳಿಂದ ಮುಚ್ಚುತ್ತಾರೆ. ಚರ್ಚಿನಿಂದ ಬಂದ ಮೇಲೆ ಎಲ್ಲರೂ ಸೇರಿ ಊಟ. ಗಂಡುಮಕ್ಕಳೇ ಒಲೆ ಹೊತ್ತಿಸುವ ಈ ಪದ್ಧತಿ ನನಗೆ ತುಂಬ ಮೆಚ್ಚುಗೆ. ನಮ್ಮ ಫ್ಲಾಟಿನಲ್ಲಿ ಇಡ್ಲಿ ಪಾತ್ರೆ ಸಾಕು. ಒಂದು ಗಂಟೆಗೆ ಕಮ್ಮಿ ಬೇಯಿಸಬೇಡಿ. ಇಲ್ಲಿ ಹುಣಸೆಹುಳಿ ಇಲ್ಲ, ಹಾಗಾಗಿ ಎಲೆ ಪೂರ್ತಿ ಬೇಯದಿದ್ದರೆ ಗಂಟಲು ಕೆರೆಯುತ್ತದೆ. ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಕರಗಬೇಕು.

ಸಮೋವಾದವರಿಗೆ ಕೆಸು ಬರೀ ತರಕಾರಿ ಅಲ್ಲ, ಹೊಟ್ಟೆ ತುಂಬಿಸುವ ಬೆಳೆ. 1993ರಲ್ಲಿ ಎಲೆರೋಗ ಬಂದು ಅಲ್ಲಿನ ಕೆಸು ನೆಲಕಚ್ಚಿತು. ಆಮೇಲೆ ಹೊರಗಿನ ತಳಿಗಳ ಜೊತೆ ಸಂಕರ ಮಾಡಿ, ರೋಗ ತಡೆಯುವ ಗಿಡ ಬೆಳೆಸಿದರು. 1962ರಲ್ಲಿ ಸ್ವತಂತ್ರವಾದ ಪುಟ್ಟ ದೇಶ. ಉಪೋಲು, ಸವಾಯಿ ಎಂಬ ಎರಡು ದೊಡ್ಡ ದ್ವೀಪಗಳಲ್ಲೇ ಹೆಚ್ಚುಕಮ್ಮಿ ಎಲ್ಲರೂ ಇರುವುದು. ಅಂಥ ಕಡೆ ಒಂದು ಬೆಳೆ ಹೋದರೆ ಎಷ್ಟು ಕಷ್ಟ ಯೋಚಿಸಿ.

ಬಡಿಸುವಾಗಲೂ ಅವರ ರೀತಿ ನೋಡಿ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಯಾರ ಕಡೆಗೂ ಕಾಲು ಚಾಚಬಾರದು. ಮೊದಲು ಪ್ರಾರ್ಥನೆ. ಆಮೇಲೆ ಮನೆತನದ ಮುಖ್ಯಸ್ಥ ಮತಾಯಿಗೆ, ಹಿರಿಯರಿಗೆ, ಅತಿಥಿಗಳಿಗೆ ಬಡಿಸುತ್ತಾರೆ. ಕಿರಿಯರ ಊಟ ಕೊನೆಗೆ. ನೀವೂ ಮನೆಯ ಅಜ್ಜಿಗೆ ಮೊದಲ ಪೊಟ್ಟಣ ಬಿಚ್ಚಿಕೊಡಿ.

ಜೊತೆಗೆ ಬೇಯಿಸಿದ ಜೀಗುಜ್ಜೆ ಇದ್ದರೆ ಚೆನ್ನ. ಇಲ್ಲಿ ಅದನ್ನು ನೀರ್‌ಫಣಸ್ ಅಂತ ಕೇಳಿ. ಸಿಗದಿದ್ದರೆ ಕೆಸುವಿನ ಗೆಡ್ಡೆ ಬೇಯಿಸಿ. ಉಳಿದ ಪೊಟ್ಟಣ ಕೂಡಲೇ ಫ್ರಿಜ್‌ಗೆ ಹೋಗಲಿ. ಮುಂಬೈ ಸೆಕೆಗೆ ಕಾಯಿಹಾಲು ಬೇಗ ಹಳಸುತ್ತದೆ.