ಅಪೀಲು ಆರೇ ಪುಟದಲ್ಲಿ ವಜಾ ಆಯ್ತಾ? ಹೀಗೆ ಓದಿ

ಹೋದ ತಿಂಗಳು ಒಬ್ಬ ಯಜಮಾನರು ಪ್ಲಾಸ್ಟಿಕ್ ಕವರಿನಿಂದ ತೀರ್ಪಿನ ನಕಲು ತೆಗೆದು ನನ್ನ ಮೇಜಿನ ಮೇಲಿಟ್ಟರು. "ಕೆಳಗಿನ ಕೋರ್ಟು 32 ಪುಟ ಬರೆದಿತ್ತು ಸಾರ್. ಅಪೀಲಲ್ಲಿ ಆರೇ ಪುಟ. ಫೈಲು ಬಿಚ್ಚೇ ನೋಡಿಲ್ಲ ಅನ್ಸುತ್ತೆ."

ತಾಲ್ಲೂಕು ಕೋರ್ಟಿನಲ್ಲಿ ಭಾಗದ ದಾವೆ, ಅಂದರೆ ಆಸ್ತಿ ಪಾಲಿನ ಕೇಸು, ನಡೆಸುವ ವಕೀಲನಾದ ನನಗೆ ಈ ದೂರು ಹೊಸದಲ್ಲ. ಮೊದಲು ಪುಟ ಎಣಿಸೋದು ಬಿಡಿ. ಕೆಳಗಿನ ತೀರ್ಪನ್ನು ಒಪ್ಪುವ ಕೋರ್ಟು ಸಾಕ್ಷ್ಯವನ್ನೆಲ್ಲ ಮತ್ತೆ ಬರೆಯಬೇಕಾಗಿಲ್ಲ. 2001ರ ಸಂತೋಷ್ ಹಜಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಗೇ ಹೇಳಿದೆ. ಆದರೆ "ಒಪ್ಪಿದ್ದೇನೆ" ಎಂದು ಬರೆದು ಕೆಲಸ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದೂ ಅಲ್ಲೇ ಹೇಳಿದೆ.

ಈಗ ಪೆನ್ಸಿಲ್ ತಗೊಳ್ಳಿ. ಅಪೀಲು ಮೆಮೊ, ಅಂದರೆ ನಿಮ್ಮ ತಕರಾರುಗಳನ್ನು ಬರೆದು ಹಾಕಿದ ಅಪೀಲು ಅರ್ಜಿ, ಪಕ್ಕಕ್ಕಿಟ್ಟುಕೊಂಡು, ತೀರ್ಪಿನಲ್ಲಿ ತೀರ್ಮಾನಕ್ಕೆ ಎತ್ತಿಕೊಂಡ ಪಾಯಿಂಟುಗಳನ್ನು ಹುಡುಕಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 31ರ ಪ್ರಕಾರ ಆ ಪಾಯಿಂಟು, ಅದಕ್ಕೆ ಉತ್ತರ, ಉತ್ತರಕ್ಕೆ ಕಾರಣ ಮೂರೂ ಇರಬೇಕು. ಯಜಮಾನರ ತೀರ್ಪಿನಲ್ಲಿ ಇದ್ದದ್ದು ಒಂದೇ ಪಾಯಿಂಟು: ಕೆಳಗಿನ ತೀರ್ಪಿನಲ್ಲಿ ಕೈಹಾಕಬೇಕೇ? ಉತ್ತರ: ಇಲ್ಲ. ಅವರ ಕೇಸು ನಿಂತಿದ್ದೇ ನಿಶಾನೆ ಡಿ-4ರ ಮೇಲೆ. ಸಾಕ್ಷ್ಯವಾಗಿ ಕೋರ್ಟು ಗುರುತು ಹಾಕಿದ ದಾಖಲೆಗೆ ನಿಶಾನೆ ಅಂತಾರೆ; ನೋಂದಾಯಿತ ಪಾಲುಪಟ್ಟಿ ಅದು. ಆರೂ ಪುಟದಲ್ಲಿ ಪೆನ್ಸಿಲ್ ಆಡಿಸಿದೆ. ಡಿ-4 ಅನ್ನೋ ಅಕ್ಷರ ಎಲ್ಲೂ ಸಿಗಲಿಲ್ಲ. ಹಿಡಿಯಬೇಕಾದ್ದು ಇದನ್ನ. "ತೀರ್ಪು ಚಿಕ್ಕದು" ಅಂದರೆ ಹೈಕೋರ್ಟಿನಲ್ಲಿ ಯಾರೂ ಕೇಳಲ್ಲ. "ಡಿ-4 ಪರಿಗಣಿಸದೆ ಅಪೀಲು ವಜಾ ಮಾಡಿದ್ದು ಸರಿಯೇ?" ಅಂದರೆ ಕೇಳಬಹುದು. ಎರಡನೇ ಅಪೀಲಿಗೆ, ಅಂದರೆ ಕಲಂ 100ಕ್ಕೆ, ಬೇಕಾದ್ದು ಕಾನೂನಿನ ಗಟ್ಟಿ ಪ್ರಶ್ನೆ. ಸಾಕ್ಷಿ ಸುಳ್ಳು ಹೇಳಿದ ಅನ್ನೋ ಕಥೆಗೆ ಅಲ್ಲಿ ಜಾಗ ಇಲ್ಲ.

ಹೈಕೋರ್ಟಿನಲ್ಲಿ ಗೆದ್ದರೂ ಜಮೀನು ಕೈಗೆ ಬಂತು ಅಂದುಕೊಳ್ಳಬೇಡಿ. ಇಂಥ ಕಾರಣಕ್ಕೆ ಗೆದ್ದರೆ ಎಷ್ಟೋ ಸಲ ಕೇಸು ಮತ್ತೆ ಮೊದಲ ಅಪೀಲು ಕೋರ್ಟಿಗೇ ವಾಪಸ್ ಬರುತ್ತೆ. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲಲ್ಲ. ತಡೆಯಾಜ್ಞೆಗೆ ಬೇರೆ ಅರ್ಜಿ ಹಾಕಬೇಕು.

ಸುಪ್ರೀಂ ಕೋರ್ಟಿನ ಒಂದು ಸಾಲಿನ "ವಜಾ" ಬೇರೆ ಜಾತಿಯದು. ವಿಶೇಷ ಅನುಮತಿ ಅರ್ಜಿಯನ್ನು, ಅಂದರೆ ಅಲ್ಲಿ ಅಪೀಲು ಹಾಕಲು ಅನುಮತಿ ಕೇಳುವ ಅರ್ಜಿಯನ್ನು, ಕಾರಣ ಹೇಳದೆ ವಜಾ ಮಾಡಿದರೆ ಹೈಕೋರ್ಟು ಹೇಳಿದ್ದೇ ಸರಿ ಅಂತ ಅರ್ಥ ಅಲ್ಲ. ಅನುಮತಿ ಕೊಡಲಿಲ್ಲ, ಅಷ್ಟೇ. 2000ದಲ್ಲಿ ಕುಂಞಮ್ಮದ್ ಪ್ರಕರಣದಲ್ಲಿ ಹೇಳಿದ್ದ ಈ ಮಾತನ್ನು 2019ರಲ್ಲಿ ನಮ್ಮ ಕೊಳ್ಳೇಗಾಲದ ಮಹದೇಶ್ವರ ಸಕ್ಕರೆ ಕಾರ್ಖಾನೆಯ ಕೇಸಿನಲ್ಲಿ ಮತ್ತೆ ಎತ್ತಿಹಿಡಿದರು. ಆಮೇಲೂ ಹೈಕೋರ್ಟಿನಲ್ಲಿ ಮರುಪರಿಶೀಲನೆ ಕೇಳಬಹುದು. ಕಣ್ಣಿಗೆ ರಾಚುವ ತಪ್ಪಿಲ್ಲದೆ ಸುಮ್ನೆ ಕೇಳಿದರೆ ಫೀಸು ದಂಡ.

ಇನ್ನು ವಾಯಿದೆ. ಹೈಕೋರ್ಟಿಗೆ ಎರಡನೇ ಅಪೀಲಿಗೆ 90 ದಿನ. ನಕಲು ತಯಾರಾಗಲು ಹಿಡಿದ ದಿನ ಲೆಕ್ಕಕ್ಕಿಲ್ಲ. ನಕಲಿನ ಕೊನೇ ಪುಟದ ಮುದ್ರೆಯಲ್ಲಿ ಅರ್ಜಿ ಹಾಕಿದ ತಾರೀಕು, ತಯಾರಾದ ತಾರೀಕು ಎರಡೂ ಇರುತ್ತೆ, ನೋಡಿ. ಯಜಮಾನರಿಗೆ ಹಾಗೆ 11 ದಿನ ಸಿಕ್ಕಿತು.